ಹಿಡಿಕೆ

ಟ್ಯೂರಿನ್ನಿನ ಸ್ಟುಡಿಯೋದಲ್ಲಿ ಎರ್ಸೀಲಿಯಾ
ಕಣ್ಣು ಮುಚ್ಚಿ ಸವರುತ್ತಾಳೆ
ಜೇಡಿಮಣ್ಣಿನ ಎಸ್‌ಯುವಿಯ ಪಕ್ಕೆ.
ಹೋದ ಸಲದ ಭುಜ ತುಸು ಬೀಗಿತ್ತು;
ಮೂರು ಮಿಲಿಮೀಟರು ಇಳಿಸು ಅಂದರು, ಇಳಿಸಿದಳು.
ಬೆಳಕಿನ ಗೆರೆ ಈಗ ಮುಂದಿನ ಗಾಲಿಯಿಂದ ಹಿಂದಿನದಕ್ಕೆ
ತಡವರಿಸದೆ ಜಾರುತ್ತದೆ.

ದೀಪಗಳು ಕಿರಿದು, ನಿದ್ದೆಗಣ್ಣಿನಷ್ಟು.
ಜಾಲರಿಗೆ ಉಸಿರಾಡುವ ಕೆಲಸವಿಲ್ಲ,
ಆದರೂ ಇದೆ, ಮೀಸೆಯ ಹಾಗೆ.
ಆಲಿವ್ ಬಣ್ಣದ ತೊಗಲಿಗೆ ಕಿತ್ತಳೆ ಹೊಲಿಗೆ,
ಇಂಚಿಗೆ ಏಳು, ಎಂಟಲ್ಲ;
ಅದಕ್ಕೇ ಒಂದು ಸಭೆ ನಡೆದಿತ್ತು.

ಅನಾವರಣದ ದಿನ ಅಪ್ಪ ಬಂದ,
ಮೂವತ್ತು ವರ್ಷ ಕಾರ್ಖಾನೆಯಲ್ಲಿ ಬಾಗಿಲು ಜೋಡಿಸಿದವನು.
ಸುತ್ತು ಹಾಕಿದ. ಬಾಗಿಲ ಮೇಲೆ ಅಂಗೈ ಆಡಿಸಿದ,
ಮತ್ತೊಮ್ಮೆ ಆಡಿಸಿದ.
“ಹಿಡಿಕೆ ಎಲ್ಲಿ, ಮಗಳೇ?”

“ಒಳಗಿದೆ ಅಪ್ಪಾ. ಬೀಗದಕೈ ಇದ್ದವರು
ಹತ್ತಿರ ಬಂದರೆ ತಾನೇ ಹೊರಬರುತ್ತದೆ.”

ಬರೀ ಕೈ ಇದ್ದವನು
ಅದನ್ನು ಮೆಲ್ಲಗೆ ಜೇಬಿಗಿಳಿಸಿದ.