ದಬ್ಬಳ ಎಲ್ಲಿಟ್ಟೆ

ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ಎಲ್ಲರೂ ಹೋದ ಮೇಲೆ ತೂಕದ ಕೋಣೆ ನನ್ನದು.
ಒಂದು ಹಳೇ ಕಂಪ್ಯೂಟರು, ಗೋಣಿಯ ವಾಸನೆ,
ನಾನೇ ಬರೆದುಕೊಂಡ ಪುಟ್ಟ ಪುಟ್ಟ ಲೆಕ್ಕಗಳು:
ತೇವಕ್ಕೆಂದು ಎಷ್ಟು ಕಳೆಯಬೇಕು,
ಬರೀ ಚೀಲ ಎಷ್ಟು ತೂಗುತ್ತದೆ,
ಪೀಬೆರಿ ಎಷ್ಟು, ಒಡಕು ಎಷ್ಟು.
ಯಾರೂ ಕೇಳಿರಲಿಲ್ಲ. ಬರೆದೆ.

ಕರೆದರೆ ಯಂತ್ರ ಹೇಳುತ್ತದೆ:
'ತೇವ' ಎಂಬುದು ಸಿಗಲಿಲ್ಲ.
ಅಯ್ಯೋ ಮಾರಾಯ, ಪಕ್ಕದ ಫೋಲ್ಡರಿನಲ್ಲೇ ಇದೆಯಲ್ಲ!
ಅದಕ್ಕೆ ಪಕ್ಕ ಎಂದರೆ ಗೊತ್ತಿಲ್ಲ.
ತಾನು ನಿಂತ ಜಾಗ ಗೊತ್ತು,
ಹುಟ್ಟುವಾಗ ಕಟ್ಟಿಕೊಟ್ಟ ಉಗ್ರಾಣ ಗೊತ್ತು,
ನಡುವೆ ನಾನೊಬ್ಬ ಇರುವುದು ಗೊತ್ತಿಲ್ಲ.

ಹಾಳಾಗಲಿ ಎಂದು ನಕಲು ಮಾಡಿದೆ.
ಅರೇಬಿಕಾಕ್ಕೊಂದು ತೇವ, ರೊಬಸ್ಟಾಕ್ಕೊಂದು,
ಹಂಗಾಮಿಗೊಂದರಂತೆ ಒಟ್ಟು ಏಳು.
ಕ್ರಿಸ್‌ಮಸ್ಸಿನ ಹಿಂದಿನ ವಾರ ತಪ್ಪೊಂದು ಕಂಡು ತಿದ್ದಿದೆ,
ಒಂದರಲ್ಲಿ.
ಉಳಿದ ಆರು
ಹಳೇ ಮಗ್ಗಿಯನ್ನೇ ಒಪ್ಪಿಸುತ್ತಾ ಕೂತಿದ್ದವು.

ಮೂಗ್ತಿಹಳ್ಳಿಯ ಪುಟ್ಟಬಸಪ್ಪನವರು
ಚೀಟಿಯನ್ನು ನಾಲ್ಕಾಗಿ ಮಡಚಿ ತಂದರು.
"ನಲವತ್ತೊಂದು ಕೇಜಿ ಎಲ್ಲಿ ಹೋಯ್ತು, ಲೋಬೋ?"
ಬೈದಿದ್ದರೆ ಚೆನ್ನಾಗಿತ್ತು.

ಅವತ್ತೇ ಮಧ್ಯಾಹ್ನ
ಬೀಜ ಆರಿಸುವ ಅಂತೋಣಮ್ಮ ದಬ್ಬಳ ಹುಡುಕುತ್ತಿದ್ದಳು.
ಮೊದಲು ತುರುಬು ತಡಕಿದಳು,
ಆಮೇಲೆ ಕಿಟಕಿಯ ದಂಡೆ,
ಆಮೇಲೆ ಗೋದಾಮಿನ ಮೊಳೆ.
ಪ್ರತಿಸಲವೂ ಇದೇ ಕ್ರಮವಂತೆ.
"ಸಿಕ್ಕಿದಲ್ಲಿಗೆ ನಿಲ್ಲಿಸ್ತೀನಿ ಸಾರ್.
ಮುಂದೆ ಬಂಗಾರದ್ದೇ ಇದ್ರೂ ನನಗ್ಯಾಕೆ?"

ಸಂಜೆ ಏಳನ್ನೂ ಅಳಿಸಿದೆ,
ಒಂದನ್ನು ಉಳಿಸಿ, ಅದಕ್ಕೊಂದು ಗೂಡು ಮಾಡಿ
'ನನ್ನವು' ಎಂದು ಹೆಸರಿಟ್ಟೆ.
ಯಂತ್ರ ಕಣ್ಣುಬಿಟ್ಟು ಮೊದಲು ಓದುವ ಕಡತದಲ್ಲಿ
ಒಂದೇ ಸಾಲು: ಇಲ್ಲೂ ಒಂದಿಷ್ಟು ನೋಡು.
ಗೂಡಿನ ವಿಳಾಸ, ಎರಡು ಚುಕ್ಕೆ, ಅದರ ಬೆನ್ನಿಗೆ ಹಳೆಯ ದಾರಿ.
(ಹಳೆಯದನ್ನು ಬರೆಯಲು ಮರೆತರೆ ಅದೂ ಹೋಯಿತು.)

ಉಮೇದಿನಲ್ಲಿ ನನ್ನದನ್ನೇ ಮುಂದಿಟ್ಟೆ,
ಪಂಕ್ತಿಯಲ್ಲಿ ಮೊದಲ ಎಲೆ ನನಗೇ ಎಂಬಂತೆ.
ನನ್ನ ಲೆಕ್ಕವೊಂದರ ಹೆಸರು 'ಕಾಲ',
ಕಣದಲ್ಲಿ ಬೀಜ ಒಣಗಿದ ದಿನ ಎಣಿಸುವುದು.
ಯಂತ್ರಕ್ಕೂ ತನ್ನದೊಂದು 'ಕಾಲ' ಇತ್ತು, ಗಡಿಯಾರ ನೋಡುವುದು.
ಗಂಟೆ ಎಷ್ಟು ಎಂದರೆ
'ಒಂಬತ್ತು ಬಿಸಿಲು' ಎಂದಿತು.
ಒಬ್ಬನೇ ನಕ್ಕೆ.
ನನ್ನದಕ್ಕೆ 'ಬಿಸಿಲು' ಎಂದೇ ಹೆಸರಿಟ್ಟು ಜಗಳ ಮುಗಿಸಿದೆ.

ಇಷ್ಟಾದರೂ 'ತೇವ ಸಿಗಲಿಲ್ಲ' ಎಂಬ ಹಠ.
ಮಲ್ಲಂದೂರು ರಸ್ತೆಯಲ್ಲಿ ಕೊನೆಯ ಬಸ್ಸೂ ಹೋಯಿತು.
ಆಮೇಲೆ ಹೊಳೆಯಿತು:
ತೆರೆದು ಕೂತ ಕಿಟಕಿಗೆ ಬೆಳಗಿನ ಮಾತಷ್ಟೇ ನೆನಪು,
ಹೊಸ ಮಾತು ಹೊಸ ಕಿಟಕಿಗೆ.
ತೆರೆದೆ. ಕರೆದೆ.
ಏನೂ ಆಗದವರ ಹಾಗೆ ಬಂತು ತೇವ.

ಪುಟ್ಟಬಸಪ್ಪನವರ ಚೀಟಿ ಬಿಡಿಸಿ
ಮಡಿಕೆ ನೀವಿ, ಮತ್ತೆ ಲೆಕ್ಕ ಹಾಕಿದೆ.
ನಲವತ್ತೊಂದಲ್ಲ,
ನಲವತ್ತಮೂರು.