ಗಾಜಿನ ಒಳಮಗ್ಗುಲು

ಅಕ್ಟೋಬರಿನಲ್ಲಿ ಕ್ರೇನು ನಿಲ್ಲುತ್ತದೆ.
ಮೈನಸ್ ಮೂವತ್ತರಲ್ಲಿ ಕಾಂಕ್ರೀಟು ಗಟ್ಟಿಯಾಗುವುದಿಲ್ಲ,
ಹೆಪ್ಪುಗಟ್ಟುತ್ತದೆ; ಎರಡೂ ಬೇರೆ ಬೇರೆ ಎಂದು ಹೇಳಲು
ಉಲಾನ್‌ಬಾತರಿನ ಮೇಸ್ತ್ರಿಗಳೇ ಬೇಕು.
ಆಮೇಲೆ ಐದು ತಿಂಗಳು
ನಲವತ್ತು ಮೀಟರ್ ಎತ್ತರದವಳು ನಾನು
ಬರೀ ಮೂರನೇ ಮಹಡಿಯವಳು.

ಆ ಚಳಿಗಾಲ ಕಂಪ್ಯೂಟರ್ ಕಟ್ಟಿದೆ.
ಆಟಕ್ಕಾ, ಈ ವಯಸ್ಸಲ್ಲಿ, ಎಂದರು.
ಹೌದು, ಆಟಕ್ಕೇ.

ಒಂದೊಂದಾಗಿ ತಂದೆ. ಬಾಕಿ ಸಂಬಳ ಬಂದ ವಾರ ಮದರ್‌ಬೋರ್ಡು,
ಮಾವ ಕುದುರೆ ಮಾರಿ ಹಳೆಯ ಸಾಲ ಹಿಂದಿರುಗಿಸಿದಾಗ ಮೆಮೊರಿ.
ಗ್ರಾಫಿಕ್ಸ್ ಕಾರ್ಡು ಮಾತ್ರ ಯಾರೋ ಬಳಸಿದ್ದು.
‘ಬಿಟ್‌ಕಾಯಿನ್ ಗಣಿಗೆ ದುಡಿಸಿಲ್ಲ, ಅಮ್ಮನಾಣೆ’ ಎಂದ ಮಾರುವ ಹುಡುಗ.
ಅಮ್ಮನ ಹೆಸರು ಕೇಳಿದೆ. ತಡವರಿಸಿದ.
ಐವತ್ತು ಸಾವಿರ ತುಗ್ರಿಕ್ ಇಳಿಸಿದ.

ನಮ್ಮಲ್ಲಿ ಚಳಿಗೆ ಗಾಳಿಯೂ ಒಣಗಿ ಗರಿಗರಿ.
ಸ್ವೆಟರ್ ಕಳಚಿದರೆ ಕಿಡಿ, ಬೆಕ್ಕು ಸವರಿದರೆ ಕಿಡಿ,
ಅಂಥದೊಂದು ತಾಕಿದರೆ ಆರು ವಾರದ ಕೂಲಿ ಬೂದಿ.
ಅದಕ್ಕೇ ಪ್ರತಿ ಸಲ, ಏನನ್ನಾದರೂ ಮುಟ್ಟುವ ಮುಂಚೆ,
ಬಿಸಿನೀರಿನ ಕೊಳವೆಯ ಬಣ್ಣ ಕಿತ್ತ ಜಾಗವನ್ನು
ಅಂಗೈಯಿಂದ ಮುಟ್ಟಿ ಬರುತ್ತಿದ್ದೆ.
ಈಗಲೂ ಆ ಗೋಡೆಯ ಹತ್ತಿರ ಹಾದರೆ ಕೈ ತಾನಾಗಿ ಚಾಚುತ್ತದೆ.

ಪ್ರೊಸೆಸರ್ ಇಳಿಸುವುದು ನನ್ನ ಕಸುಬೇ.
ಮೂಲೆಯ ಪುಟ್ಟ ತ್ರಿಕೋನಕ್ಕೆ ತ್ರಿಕೋನ ಕೂಡಿಸಿ
ಒತ್ತಬಾರದು, ಬಿಡಬೇಕು:
ತನ್ನ ಭಾರಕ್ಕೆ ತಾನೇ ಕೂರಬೇಕು.
ನಾಲ್ಕು ಟನ್ನಿನ ಗೋಡೆಯನ್ನೂ ಹೀಗೇ ಇಳಿಸುತ್ತೇನೆ.
ಅಲ್ಲಿ ಕೆಳಗೊಬ್ಬ ಕೈಸನ್ನೆ ಮಾಡುತ್ತಾನೆ,
ಇಲ್ಲಿ ಬೆಕ್ಕು ಬಾಲ ಅಲ್ಲಾಡಿಸಿತು.

ಗುಂಡಿ ಒತ್ತಿದೆ. ತುಟಿಪಿಟಕ್ಕೆನ್ನಲಿಲ್ಲ.
ಬಿಚ್ಚಿದೆ, ಜೋಡಿಸಿದೆ. ಮೂರು ರಾತ್ರಿ.
ಉಪ್ಪಿನ ಚಹಾ ಆರಿ ಕೆನೆಗಟ್ಟಿತು.
ನಾಲ್ಕನೆಯ ಬೆಳಿಗ್ಗೆ ಕಂಡಿತು,
ಹಿಂಬದಿಯ ಸ್ವಿಚ್ಚನ್ನೇ ಹಾಕಿರಲಿಲ್ಲ.
ಇದನ್ನು ಯಾರಿಗೂ ಹೇಳಿಲ್ಲ.

ತಂಗಿಯ ಗಂಡ ಬತ್ತೋಗ್ತೋಖ್ ಕಟ್ಟಿದ್ದನ್ನೇ ಕೊಂಡ, ಕಂತಿನಲ್ಲಿ.
ಏಳಕ್ಕೆ ಪೆಟ್ಟಿಗೆ ಒಡೆದ, ಏಳು ಹತ್ತಕ್ಕೆ ಆಡುತ್ತಿದ್ದ.
ನಾನು ನಕ್ಕೆ. ಬೆಲೆ ಬಿಡಿಸಿ ಹೇಳಿದೆ,
ಎಷ್ಟು ಹೆಚ್ಚು ತೆತ್ತೆ, ಯಾವ ಭಾಗ ಅಗ್ಗದ್ದು.
‘ಅಕ್ಕಾ’ ಎಂದ, ತೆರೆಯಿಂದ ಕಣ್ಣು ಕೀಳದೆ,
‘ನಿನಗೆ ಐದು ತಿಂಗಳು. ನನಗೆ ಎರಡು ದಿನ.’
ಗಡಿಯವರೆಗೆ ಕಲ್ಲಿದ್ದಲ ಲಾರಿ ಹೊಡೆಯುತ್ತಾನೆ;
ಸಾಲಿನಲ್ಲಿ ನಿಂತಲ್ಲೇ ಉಣ್ಣುತ್ತಾನೆ, ನಿಂತಲ್ಲೇ ಮಲಗುತ್ತಾನೆ.
ಆ ಎರಡು ದಿನವೂ ಅವನು ಆಡುತ್ತಿದ್ದದ್ದು
ಲಾರಿ ಓಡಿಸುವ ಆಟ.
ಅದರಲ್ಲಿ ರಸ್ತೆ ಖಾಲಿ, ಎರಡೂ ಬದಿ ಹಸಿರು,
ಗಡಿಯಲ್ಲಿ ಯಾರೂ ಇಲ್ಲ.
ನನ್ನ ಲೆಕ್ಕವನ್ನು ಬಾಯಲ್ಲೇ ನುಂಗಿದೆ.

ಮಾರ್ಚಿನಲ್ಲಿ ಅವರು ಮನೆ ಬದಲಿಸಿದರು, ಅದೇ ಲಾರಿಯಲ್ಲಿ.
ಕುಲುಕಿದ ಯಂತ್ರ ಕಪ್ಪು ತೆರೆ ಹಿಡಿದು ಕೂತಿತು.
ಕಿತ್ತರೆ ಗ್ಯಾರಂಟಿ ಇಲ್ಲ ಎಂಬ ಚೀಟಿಯನ್ನು
ಬತ್ತೋಗ್ತೋಖನೇ ಉಗುರಿನಲ್ಲಿ ಕೆರೆದ.
ಕಾರ್ಡು ಒಂದು ಕೂದಲೆಳೆ ಮೇಲೆದ್ದಿತ್ತು.
ಒತ್ತಿದೆ. ಟಕ್.

ಗಾಜಿನ ಬಾಗಿಲು ಮತ್ತೆ ಹಾಕುವಾಗ ನೋಡಿದೆ,
ಒಳಮಗ್ಗುಲಿನಲ್ಲಿ ಒಂದು ಹೆಬ್ಬೆರಳ ಗುರುತು.
ನನ್ನದಲ್ಲ, ನನ್ನ ಬೆರಳು ದಪ್ಪ.
ತಂತಿಗಳೆಲ್ಲ ಜಡೆ ಹೆಣೆದಷ್ಟು ಅಚ್ಚುಕಟ್ಟು,
ಒಂದೇ ಒಂದು ಗಂಟು ಮಾತ್ರ ತಿರುವುಮುರುವು,
ಪಾಳಿ ಮುಗಿಯುವ ಹೊತ್ತಿನದೇನೋ.
ದಿನಕ್ಕೆ ಎಷ್ಟು ಕಟ್ಟುತ್ತಿದ್ದಿರಬಹುದು ಆ ಕೈ?
ಮನೆಯಲ್ಲಿ ತನ್ನದೊಂದು ಇತ್ತೋ?

‘ಅಲ್ಲಿ ಕೊಳೆ ಉಳಿದಿದೆ’ ಎಂದ ಬತ್ತೋಗ್ತೋಖ್.
ಬಟ್ಟೆ ಕೈಯಲ್ಲೇ ಇತ್ತು.
ಇರಲಿ ಎಂದೆ. ಸ್ಕ್ರೂ ಬಿಗಿದೆ.
ದೀಪ ಹತ್ತಿ ಆ ಗುರುತು ಕೆಂಪಾಯಿತು, ನೀಲಿಯಾಯಿತು.
ಅವನು ಲಾರಿ ಹೊರಡಿಸಿದ.