ಇಂಬಳ ಕಂಪನಿ

ಮೊದಲು ಹುಲಿ ಬೇಕಂತಲೇ ಬಂದಿದ್ದರು,
ದುರ್ಗಿಗುಡಿಯ ನಮ್ಮ ಬೋರ್ಡಿನಂಗಡಿಗೆ.
ಹವಾಲ್ದಾರ ಬೆಳ್ಯಪ್ಪನ ಕೈಯಲ್ಲಿ ಕ್ಯಾಪ್ಟನ್ನನ ಚೀಟಿ:
ತೋಳಿಗೊಂದು, ಲಾರಿಯ ಬಾಗಿಲಿಗೊಂದು
ಗುರುತು ಬರೆದುಕೊಡತಕ್ಕದ್ದು. ಕೂಲಿ ಹದಿನೆಂಟು ರೂಪಾಯಿ.

ಅಪ್ಪ ಹುಲಿ ಬರೆದ.
ಈರೋಜಿ ಬರೆದದ್ದು ಯಾವುದು ತಾನೇ ನೆಟ್ಟಗೆ ನಿಂತಿತ್ತು?
ಮುನಿಸಿಪಾಲಿಟಿ ಅಧ್ಯಕ್ಷರನ್ನು ಹಲಸಿನಹಣ್ಣು ಮಾಡಿ
ಸುತ್ತ ನೊಣ ಕೂರಿಸಿ ವಾರಪತ್ರಿಕೆಗೆ ಕೊಟ್ಟು
ಮೂರು ತಿಂಗಳು ಬೋರ್ಡಿನ ಕೆಲಸ ಕಳಕೊಂಡ ಕೈ ಅದು.
ಹುಲಿ, ಹೋಟೆಲಿನ ಮೆಟ್ಟಿಲ ಮೇಲೆ
ಹಾಲು ಕುಡಿದು ಮಲಗಿದ ಬೆಕ್ಕಾಯಿತು.
ಆನೆ ಆಗಲೇ ಇನ್ನೊಂದು ಕಂಪನಿಯ ಪಾಲು.
ಗರುಡನಿಗೆ ಸಂಸ್ಕೃತದ ಮೇಷ್ಟರ ಮೂಗು ಬಂತು.

ಆಗುಂಬೆ ಕಡೆಯ ಕಾಡಿನಲ್ಲಿ ಅವರ ತಾಲೀಮು.
ಬರ್ಮಾದಲ್ಲೂ ಇಂಥದೇ ಕಾಡಂತೆ,
ಅಲ್ಲಿ ಸಾಯುವುದಕ್ಕೆ ಇಲ್ಲಿ ಅಭ್ಯಾಸ, ಎಂದು
ನಗುತ್ತ ಕಾಲಿನ ಪಟ್ಟಿ ಬಿಚ್ಚಿದ ಬೆಳ್ಯಪ್ಪ.
ಕಣಕಾಲಿನ ತುಂಬ ಸಣ್ಣ ಸಣ್ಣ ಬಾಯಿ,
ಇನ್ನೂ ಜಿನುಗುವ ರಕ್ತ.
ಪಟ್ಟಿಯ ಮಡಿಕೆಯಿಂದೊಂದು ಇಂಬಳ ನೆಲಕ್ಕೆ ಬಿತ್ತು,
ತುದಿಯ ಮೇಲೆ ಎದ್ದು ನಿಂತಿತು,
ವಿಳಾಸ ಮರೆತವರ ಹಾಗೆ ಅತ್ತ ಇತ್ತ ತೂಗಿತು.

ಅವ್ವ ಸುಣ್ಣದ ಡಬ್ಬಿ ತಂದಳು.
ಅಪ್ಪ ಅಂದ: ತಾಳೇ.

ಇಂಬಳಕ್ಕೆ ಮುಖ ಎಲ್ಲಿ? ಎರಡು ಕಡೆಯೂ ಬಾಯಿಯೇ ಅನ್ನಿಸುತ್ತದೆ.
ಅಪ್ಪ ಬಹಳ ಹೊತ್ತು ಯೋಚಿಸಿ
ಒಂದು ತುದಿಗೆ ಓರೆ ಟೋಪಿ ಇಟ್ಟ,
ಇನ್ನೊಂದು ತುದಿಗೆ ಒಂದೇ ಒಂದು ಬೂಟು.
ಬೆನ್ನಿಗೆ ಮೂಟೆ, ಮೂಟೆಗೆ ಲಾಟೀನು.
ಬೆಳ್ಯಪ್ಪ ನಕ್ಕೂ ನಕ್ಕೂ ಬಾಗಿಲ ಚೌಕಟ್ಟು ಹಿಡಿದುಕೊಂಡ.
ನಮ್ಮ ಕೊಡಗಿನ ಇಂಬಳ ಇದಕ್ಕಿಂತ ದಪ್ಪ, ಅಂದ.

ಕ್ಯಾಪ್ಟನ್ನನೂ ಬಂದ. ನಗಲಿಲ್ಲ, ಒಪ್ಪಿದ.
ಹೊಟ್ಟೆ ಮಾತ್ರ ಕೆಂಪಿರಲಿ,
ಶತ್ರುವಿನ ರಕ್ತ ಕುಡಿದ ಹಾಗೆ.
ಅಪ್ಪ ಕೈ ಒರೆಸಿಕೊಳ್ಳುತ್ತ, ಕೆಂಪು ಮುಗಿದಿದೆ ಸ್ವಾಮಿ,
ಲಡಾಯಿ ಕಾಲ, ಮದ್ರಾಸಿನಿಂದ ಬರುತ್ತಿಲ್ಲ, ಅಂದ.
ಬೆಂಚಿನ ಕೆಳಗೆ ಅರ್ಧ ಡಬ್ಬಿ ಇತ್ತು.
ನಾನು ಅದರ ಮುಂದೆ ಲಂಗ ಹರಡಿ ಕೂತೆ.

ಬುಡೇನ್ ಸಾಬರು ನೂರಿಪ್ಪತ್ತು ಹೊಲಿದರು,
ಖಾಕಿಯ ಮೇಲೆ ಕಪ್ಪು ದಾರ, ಖಾಲಿ ಹೊಟ್ಟೆ.
ಸೂಜಿಗೆ ದಾರ ಪೋಣಿಸಿದ್ದು ನಾನು.
ಒಂದು ರಾತ್ರಿ ಬೀರೂರು ಗಾಡಿಗೆ ಎಲ್ಲ ಹೊರಟುಹೋದವು,
ಕಿಟಕಿಯಿಂದ ಚಾಚಿದ ತೋಳುಗಳ ಮೇಲೆ
ನೂರಿಪ್ಪತ್ತು ಟೋಪಿ, ನೂರಿಪ್ಪತ್ತು ಬೂಟು.

ಆಮೇಲೆ ಒಂದು ಕಾರ್ಡು ಬಂತು.
ಊರಿನ ಹೆಸರಿಗೆ ಮಸಿ, ನದಿಯ ಹೆಸರಿಗೆ ಮಸಿ,
ಎಷ್ಟು ಮಂದಿ ಎಂಬಲ್ಲಿ ಬೆರಳಗಲ ಮಸಿ.
ಕೆಳಗೆ ಬೆಳ್ಯಪ್ಪ ಬರೆದ ಸೊಟ್ಟ ಇಂಬಳ ಹಾಗೇ ಉಳಿದಿತ್ತು.
ವ್ಯಂಗ್ಯಚಿತ್ರವೂ ಮಾತಾಡುತ್ತದೆಂದು
ಮಸಿ ಹಚ್ಚುವವನಿಗೆ ಹೊಳೆದಿರಲಿಕ್ಕಿಲ್ಲ.

ಅಪ್ಪ ಕಾರ್ಡನ್ನು ಬೆಳಕಿಗೆ ಹಿಡಿದ.
ಬೂಟಿದ್ದ ಕಡೆ ಟೋಪಿ, ಟೋಪಿಯಿದ್ದ ಕಡೆ ಬೂಟು.
ಕೈತಪ್ಪೋ ಏನೋ, ಎಂದಳು ಅವ್ವ.
ಅಲ್ಲ, ತಿರುಗಿ ಹೊರಟಿದ್ದಾನೆ, ಎಂದ ಅಪ್ಪ.
ಎರಡನೆಯ ಕಾರ್ಡು ಬರಲಿಲ್ಲ.

ಲಾರಿಗೆ ಕತ್ತರಿಸಿದ ತಗಡಿನ ಅಚ್ಚು ನಮ್ಮಲ್ಲೇ ಉಳಿಯಿತು.
ಅಕ್ಕಿಗೂ ಸೀಮೆಎಣ್ಣೆಗೂ ಚೀಟಿ ಇದ್ದ ದಿನ
ತಗಡನ್ನು ಯಾರು ಬಿಸಾಡುತ್ತಾರೆ?
ಅವ್ವ ಹುರುಳಿ ಬೇಯಿಸುವ ಮಡಕೆಗೆ ಅದನ್ನು ಮುಚ್ಚಿದಳು.
ಮೊದಲು ಟೋಪಿಯ ತೂತಿನಿಂದ ಹಬೆ, ಆಮೇಲೆ ಬೂಟಿನಿಂದ,
ಕುದಿ ಏರಿದಾಗ ಇಡೀ ಇಂಬಳ ಒಮ್ಮೆಲೇ
ಎದ್ದು, ತೂಗಿ, ಸೂರಿನತ್ತ.

ಅಪ್ಪ ಒಲೆಯ ಮುಂದೆ ಕೂತಿರುತ್ತಿದ್ದ.
ಹುರುಳಿ ಬೆಂದಿತೇನು ಎಂದು ಅವ್ವ ಹಿತ್ತಲಿಂದ ಕೂಗಿದರೆ
ಇನ್ನೂ ಇಲ್ಲ ಅನ್ನುತ್ತಿದ್ದ,
ತಳ ಹಿಡಿದ ವಾಸನೆ ನನಗೇ ಬರುತ್ತಿದ್ದರೂ.